'ಎಚ್ಚರಿಕೆಯಿಂದ ಮಾಡಿ' ಅಂತ ಬರೆಯುವ ಮೊದಲು: ಕೈತಪ್ಪು ಕಡಿಮೆ ಮಾಡುವ ಎಸ್‌ಒಪಿ (ಕೆಲಸದ ಹೆಜ್ಜೆಗಳನ್ನು ಬರೆದಿಟ್ಟ ಹಾಳೆ) ಬರೆಯುವುದು ಹೇಗೆ

ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು ಸ್ಟೀಲ್ ಸ್ಕೇಲ್ ಇದೆ. ಒಂದಡಿ ಉದ್ದದ್ದು. ಹತ್ತು ಸೆಂಟಿಮೀಟರ್ ಗುರುತಿನ ಹತ್ತಿರ ಚಪ್ಪಟೆಯಾಗಿ, ಅಲ್ಲಿಂದ ಮುಂದಕ್ಕೆ ಕುಡುಗೋಲಿನ ಹಾಗೆ ಬಾಗಿದೆ. ಪೀಣ್ಯದಲ್ಲಿ ತಗಡು ಒತ್ತಿ ಬಿಡಿಭಾಗ ಮಾಡುವ ಒಂದು ಸಣ್ಣ ಪ್ರೆಸ್ ಶಾಪ್‌ನಲ್ಲಿ ನಾನು ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದಾಗಿನದ್ದು. ನೈಟ್ ಶಿಫ್ಟ್, ಎರಡೂವರೆ ಗಂಟೆ. ಡೈ (ತಗಡಿಗೆ ಆಕಾರ ಕೊಡುವ ಅಚ್ಚು) ಬದಲಾಯಿಸುತ್ತಿದ್ದ ಹುಡುಗ ಮೋಟರ್ ಆಫ್ ಮಾಡಿದ. ಎತ್ತರ ಅಳೆಯಲು ಸ್ಕೇಲ್ ಹಿಡಿದು ಬಗ್ಗಿದ. ಸ್ಪ್ಯಾನರ್ ಎತ್ತಿಕೊಳ್ಳಲು ಬಂದ ಇನ್ನೊಬ್ಬನ ಕಾಲು ಪೆಡಲ್ ಮೇಲೆ ಬಿತ್ತು. ರ‍್ಯಾಮ್ (ಮೇಲಿಂದ ಇಳಿದು ಹೊಡೆಯುವ ಭಾಗ) ಧಡ್ ಅಂತ ಇಳಿಯಿತು. ಸ್ಕೇಲ್ ಒಳಗಿತ್ತು, ಬೆರಳು ಹೊರಗಿತ್ತು.

ಮೋಟರ್ ಆಫ್ ಆಗಿದ್ದರೂ ಪ್ರೆಸ್ ಹೊಡೆಯಿತಲ್ಲ, ಹೇಗೆ? ಹಳೇ ಕೀ ಕ್ಲಚ್ ಪ್ರೆಸ್‌ಗಳಲ್ಲಿ ಹೊಡೆತದ ಬಲ ಇರುವುದು ಭಾರದ ಚಕ್ರದಲ್ಲಿ, ಅಂದರೆ ಫ್ಲೈವೀಲ್‌ನಲ್ಲಿ. ಮೋಟರ್ ನಿಂತ ಮೇಲೂ ಅದು ತಿರುಗುತ್ತಲೇ ಇರುತ್ತದೆ. ಆಗ ಪೆಡಲ್ ತುಳಿದರೆ ಕೀ ಎಂಬ ಗೂಟ ವೀಲನ್ನು ಕಚ್ಚಿಕೊಂಡು, ರ‍್ಯಾಮ್ ಇಳಿಸುವ ಕ್ರ್ಯಾಂಕ್ ತಿರುಗಿಬಿಡುತ್ತದೆ. ನಡುವೆ ತಡೆಯೋಣ ಅಂದರೆ ಆಗುವುದಿಲ್ಲ.

ಮರುದಿನ ವಿಚಾರಣೆ ಆಯಿತು. 'ಕಾರಣ' ಎಂಬ ಕಾಲಂನಲ್ಲಿ 'ಕೆಲಸಗಾರನ ನಿರ್ಲಕ್ಷ್ಯ' ಅಂತ ಬರೆದು ಫೈಲ್ ಮುಚ್ಚಿದರು. ನನಗೆ ಸಮಾಧಾನ ಆಗಲಿಲ್ಲ. ಆಫೀಸಿನ ಬೀರುವಿನಿಂದ ಡೈ ಬದಲಾವಣೆಯ ಎಸ್‌ಒಪಿ ತರಿಸಿ ಓದಿದೆ. ಹನ್ನೊಂದು ಪುಟ. ನಾಲ್ಕನೇ ಪುಟದಲ್ಲಿ ಹೀಗಿತ್ತು: 'ಯಂತ್ರವನ್ನು ಸಂಪೂರ್ಣವಾಗಿ ಸ್ಥಗಿತಗೊಳಿಸಿದ ನಂತರ ಎಚ್ಚರಿಕೆಯಿಂದ ಡೈಯನ್ನು ತೆಗೆಯತಕ್ಕದ್ದು.'

ಹುಡುಗ ಮೋಟರ್ ಆಫ್ ಮಾಡಿದ್ದ. ಅವನ ಲೆಕ್ಕದಲ್ಲಿ ಅದೇ 'ಸಂಪೂರ್ಣ'. ಎಚ್ಚರಿಕೆಯಿಂದಲೂ ಇದ್ದ ಪಾಪ. ಫ್ಲೈವೀಲ್ ನಿಲ್ಲುವವರೆಗೆ ಕಾಯಬೇಕು ಎಂಬ ಮಾತು ಹನ್ನೊಂದು ಪುಟದಲ್ಲಿ ಎಲ್ಲೂ ಇರಲಿಲ್ಲ.

ಆಮೇಲೆ ಬೇರೆ ಬೇರೆ ಕಡೆ ಎಸ್‌ಒಪಿ ಬರೆದಿದ್ದೇನೆ, ಬರೆದದ್ದನ್ನು ಹರಿದೂ ಹಾಕಿದ್ದೇನೆ. ಇಲ್ಲಿ ಆ ಡೈ ಬದಲಾವಣೆಯ ಹಾಳೆಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ನಿಮ್ಮದು ಬಾಯ್ಲರ್ ಇರಬಹುದು, ಅಕ್ಕಿ ಗಿರಣಿ ಇರಬಹುದು, ಹೋಟೆಲಿನ ಗ್ರೈಂಡರ್ ಇರಬಹುದು. ಬರೆಯುವ ರೀತಿ ಹೆಚ್ಚುಕಮ್ಮಿ ಇದೇ.

1. ಪೆನ್ನು ಕೆಳಗಿಡಿ, ಮಷಿನ್ ಹತ್ತಿರ ಹೋಗಿ

ಕುರ್ಚಿಯಲ್ಲಿ ಕೂತು ಬರೆದ ಎಸ್‌ಒಪಿ ಕುರ್ಚಿಯಲ್ಲಿ ಕೂತವರಿಗೇ ಸರಿ. ಮೊದಲು ಆ ಕೆಲಸವನ್ನು ಕಣ್ಣಾರೆ ನೋಡಿ. ಒಂದು ಸಲ ಅಲ್ಲ, ಕನಿಷ್ಠ ಮೂರು ಸಲ, ಬೇರೆ ಬೇರೆ ಜನ ಮಾಡುವಾಗ. ಅದರಲ್ಲಿ ಒಂದು ನೈಟ್ ಶಿಫ್ಟ್ ಇರಲೇಬೇಕು. ಹಗಲಲ್ಲಿ ನೀವು ನಿಂತಿದ್ದರೆ ಎಲ್ಲರೂ ಪಾಠದ ಹುಡುಗರ ಹಾಗೆ ಮಾಡುತ್ತಾರೆ. ರಾತ್ರಿ ಮೂರು ಗಂಟೆಗೆ ಲೋಡ್ ಗಾಡಿ ಗೇಟಿಗೆ ಬಂದು ನಿಂತಾಗ ಏನು ಮಾಡುತ್ತಾರೆ ಅನ್ನುವುದೇ ನಿಮಗೆ ಬೇಕಾದದ್ದು.

'ನೀವು ಹೇಗೆ ಮಾಡುತ್ತೀರಿ' ಅಂತ ಕೇಳಬೇಡಿ. ಬಾಯಿಪಾಠ ಒಪ್ಪಿಸುತ್ತಾರೆ. ನಾನು ಕೇಳುವುದು ಹೀಗೆ: 'ಅಣ್ಣಾ, ಈ ಕೆಲಸದಲ್ಲಿ ಯಾವ ಜಾಗ ಕಿರಿಕಿರಿ? ಹೊಸಬ ಬಂದರೆ ಎಲ್ಲಿ ಎಡವುತ್ತಾನೆ?' ನಮ್ಮ ಹಿರಿಯ ಡೈ ಸೆಟ್ಟರ್ ಬೀಡಿ ಕಟ್ಟು ಜೇಬಿಗಿಟ್ಟು ಹೇಳಿದ್ದು ಇವತ್ತಿಗೂ ನೆನಪಿದೆ: 'ಸಾರ್, ಮೋಟರ್ ಆಫ್ ಆದ್ಮೇಲೆ ಸದ್ದು ನಿಲ್ಲುತ್ತೆ. ಸದ್ದು ನಿಂತ್ರೆ ಮಷಿನ್ ನಿಂತ ಹಾಗೇ ಅನ್ಸುತ್ತೆ. ವೀಲ್ ಹಿಂದ್ಗಡೆ ಇದೆ, ಕಣ್ಣಿಗೆ ಬೀಳಲ್ಲ.'

ಇಡೀ ಅಪಘಾತ ಆ ಮೂರು ವಾಕ್ಯದಲ್ಲಿತ್ತು. ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ನೋಡುವಾಗ ಇನ್ನೊಂದು ಪಟ್ಟಿ ಮಾಡಿಕೊಳ್ಳಿ: ಈ ಮಷಿನ್‌ನಲ್ಲಿ ಬಲ ಎಲ್ಲೆಲ್ಲಿ ಅಡಗಿದೆ? ಕರೆಂಟ್ ಒಂದೇ ಅಲ್ಲ. ತಿರುಗುವ ವೀಲ್, ಮೇಲೆ ನಿಂತ ಭಾರ, ಪೈಪಿನೊಳಗಿನ ಗಾಳಿ, ಹೈಡ್ರಾಲಿಕ್ ಎಣ್ಣೆ, ಒತ್ತಿಟ್ಟ ಸ್ಪ್ರಿಂಗ್, ಬಿಸಿ, ಕೆಪಾಸಿಟರ್‌ನಲ್ಲಿ ಉಳಿದ ಕರೆಂಟ್. ಇವುಗಳನ್ನು ಯಾವ ಸಾಲಿನಲ್ಲಿ ಸುಮ್ಮನಾಗಿಸುತ್ತೀರಿ ಅನ್ನುವುದೂ ಮುಖ್ಯ. ನ್ಯೂಮ್ಯಾಟಿಕ್ (ಗಾಳಿಯಿಂದ ನಡೆಯುವ) ಕ್ಲಚ್ ಇರುವ ದೊಡ್ಡ ಪ್ರೆಸ್‌ಗಳಲ್ಲಿ ಬ್ಯಾಲೆನ್ಸ್ ಸಿಲಿಂಡರ್‌ನ ಗಾಳಿ ರ‍್ಯಾಮ್‌ನ ಭಾರ ಹೊತ್ತಿರುತ್ತದೆ. ಅಲ್ಲಿ ಮೊದಲು ಗಾಳಿ ಖಾಲಿ ಮಾಡಿ ಆಮೇಲೆ ರ‍್ಯಾಮ್ ಕೆಳಗೆ ಆಸರೆಗೆ ಬ್ಲಾಕ್ ಇಡಿ ಅಂತ ಬರೆದರೆ, ಬ್ಲಾಕ್ ಇಡಲು ಕೈ ಒಳಗೆ ಹೋಗುವ ಹೊತ್ತಿಗೆ ಇಡೀ ಭಾರ ಬ್ರೇಕ್ ಒಂದರ ಮೇಲೇ ನಿಂತಿರುತ್ತದೆ. ಎರಡು ಸಾಲು ಅದಲುಬದಲಾದರೆ ಸಾಕು.

2. ಯಾವ ತರದ ತಪ್ಪು ಅಂತ ಗುರುತಿಸಿ

ಎಲ್ಲ ತಪ್ಪಿಗೂ ಒಂದೇ ಮದ್ದಿಲ್ಲ. ಕೈ ಜಾರುವುದು ಒಂದು: ಹಸಿರು ಬಟನ್ ಒತ್ತಲು ಹೋಗಿ ಪಕ್ಕದ್ದನ್ನು ಒತ್ತುವುದು. ಮರೆಯುವುದು ಇನ್ನೊಂದು: ಫೋನ್ ಬಂತು, ಮಾತಾಡಿ ಬಂದ, ಬೋಲ್ಟ್ ಬಿಗಿ ಮಾಡುವುದು ಉಳಿಯಿತು. ಮೂರನೆಯದು ತಪ್ಪು ತಿಳಿದುಕೊಳ್ಳುವುದು: ಮೋಟರ್ ಆಫ್ ಅಂದರೆ ಪ್ರೆಸ್ ಆಫ್ ಅಂದುಕೊಂಡ ನಮ್ಮ ಹುಡುಗನ ಹಾಗೆ. ನಾಲ್ಕನೆಯದು ಗೊತ್ತಿದ್ದೂ ಬಿಡುವುದು.

ಕೈ ಜಾರುವವನಿಗೆ ಟ್ರೇನಿಂಗ್ ಕೊಟ್ಟು ಪ್ರಯೋಜನ ಇಲ್ಲ. ಅವನಿಗೆ ಕೆಲಸ ಗೊತ್ತು. ಬಟನ್‌ಗಳನ್ನು ದೂರ ಇಡಬೇಕು. ಮರೆಯುವವನಿಗೆ ಕಣ್ಣೆದುರು ಪಟ್ಟಿ ಬೇಕು. ತಪ್ಪು ತಿಳಿದವನಿಗೆ ಕಾರಣ ಹೇಳಬೇಕು, ಒಂದೇ ಸಾಲಿನಲ್ಲಿ. ಗೊತ್ತಿದ್ದೂ ಬಿಡುವವನ ಕತೆ ಬೇರೆಯೇ, ಅದನ್ನು ಕೊನೆಗೆ ಹೇಳುತ್ತೇನೆ.

3. ಕಬ್ಬಿಣ ಮಾಡಬಹುದಾದ ಕೆಲಸವನ್ನು ಕಾಗದಕ್ಕೆ ವಹಿಸಬೇಡಿ

ಎಸ್‌ಒಪಿ ಬರೆಯುವವನು ಹೀಗೆ ಹೇಳಬಾರದು ಅನ್ನಿಸಬಹುದು, ಆದರೂ ಹೇಳುತ್ತೇನೆ: ಎಲ್ಲಕ್ಕಿಂತ ಬಡಪಾಯಿ ರಕ್ಷಣೆ ಅಂದರೆ ಎಸ್‌ಒಪಿ. ಓದಬೇಕು, ನೆನಪಿರಬೇಕು, ಮಾಡುವ ಮನಸ್ಸಿರಬೇಕು.

ವೆಲ್ಡಿಂಗ್ ಶಾಪ್‌ಗೆ ಹೋಗಿ ನೋಡಿ. ಆಕ್ಸಿಜನ್ ರೆಗ್ಯುಲೇಟರ್ ಬಲಕ್ಕೆ ತಿರುಗಿಸಿದರೆ ಬಿಗಿ ಆಗುತ್ತದೆ, ಅಸಿಟಿಲೀನ್‌ದು ಎಡಕ್ಕೆ. ಒಂದರ ನಟ್ ಇನ್ನೊಂದಕ್ಕೆ ಕೂರುವುದೇ ಇಲ್ಲ. ನಿದ್ದೆಗಣ್ಣಿನಲ್ಲಿದ್ದರೂ ಅದಲುಬದಲು ಮಾಡಲು ಆಗುವುದಿಲ್ಲ. 'ಸಿಲಿಂಡರ್ ಪರಿಶೀಲಿಸಿ ಜೋಡಿಸಿ' ಎಂದು ನೂರು ಸಲ ಬರೆದರೂ ಈ ಕೆಲಸ ಆಗುತ್ತಿರಲಿಲ್ಲ.

ಅದಕ್ಕೇ ಪ್ರತಿ ಹೆಜ್ಜೆ ಬರೆಯುವ ಮುಂಚೆ ಕೇಳಿಕೊಳ್ಳಿ: ಇದನ್ನು ಮಷಿನ್‌ನಲ್ಲೇ ಸರಿ ಮಾಡಬಹುದಾ? ನಮ್ಮ ಪ್ರೆಸ್‌ನಲ್ಲಿ ಮೂರು ಕೆಲಸ ಮಾಡಿದೆವು. ಪೆಡಲ್ ಮೇಲೆ ತಗಡಿನ ಗೂಡು ಕೂರಿಸಿದೆವು. ಮುಂದಿನಿಂದ ಬೇಕೆಂದೇ ಕಾಲು ತೂರಿಸಿದರೆ ಮಾತ್ರ ಪೆಡಲ್ ಸಿಗುತ್ತದೆ, ಅಕಸ್ಮಾತ್ ತುಳಿಯಲು ಆಗುವುದಿಲ್ಲ. ಫ್ಲೈವೀಲ್ ಮೇಲೆ ದಪ್ಪ ಬಿಳಿ ಪಟ್ಟೆ ಬಳಿದೆವು. ತಿರುಗುವಾಗ ಅದು ಮಸುಕು, ನಿಂತಾಗ ಸ್ಪಷ್ಟ ಪಟ್ಟೆ. ಮತ್ತೆ, ರ‍್ಯಾಮ್ ಕೆಳಗೆ ಇಡುವ ಹಳದಿ ಬ್ಲಾಕ್‌ಗೆ ಸರಪಳಿ ಕಟ್ಟಿ ಅದರ ತುದಿಗೆ ಒಂದು ಪ್ಲಗ್ ಕೊಟ್ಟೆವು. ಬ್ಲಾಕ್ ಎತ್ತಿಕೊಂಡು ಹೋಗಬೇಕಾದರೆ ಪ್ಯಾನಲ್‌ನಿಂದ ಪ್ಲಗ್ ಕೀಳಲೇಬೇಕು. ಕಿತ್ತರೆ ಮೋಟರ್ ಸ್ಟಾರ್ಟ್ ಆಗುವುದಿಲ್ಲ. ಬ್ಲಾಕ್ ಒಳಗೆ ಮರೆತು ಪ್ರೆಸ್ ಓಡಿಸುವ ಅಪಾಯವೂ ಇದರಿಂದಲೇ ತಪ್ಪಿತು. ಎಲ್ಲ ಸೇರಿ ಖರ್ಚು ಒಂದು ಡೈ ರಿಪೇರಿಗಿಂತ ಕಮ್ಮಿ.

ಹೀಗೆ ಮಾಡಿದ ಮೇಲೆ ಹನ್ನೊಂದು ಪುಟದಲ್ಲಿ ಎಷ್ಟೋ ಸಾಲು ತಾನಾಗಿಯೇ ಉದುರಿಹೋದವು.

4. ಕನ್ನಡದ್ದೇ ಕೆಲವು ಗುಂಡಿಗಳಿವೆ, ನೋಡಿ ಹೆಜ್ಜೆ ಇಡಿ

ಇಂಗ್ಲಿಷ್ ಎಸ್‌ಒಪಿ ತಂದು ಕನ್ನಡಕ್ಕೆ ಇಳಿಸುವವರು ಜಾಸ್ತಿ. ಅದರಲ್ಲಿ ಇಂಗ್ಲಿಷಿನ ಗೊಂದಲವೂ ಇರುತ್ತದೆ, ಕನ್ನಡದ ಗೊಂದಲವೂ ಸೇರುತ್ತದೆ. ಈ ಭಾಗದ ಮೇಲೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದನ್ನು ಯಾವ ಸೇಫ್ಟಿ ಟ್ರೇನಿಂಗ್‌ನಲ್ಲೂ ನನಗೆ ಯಾರೂ ಹೇಳಿಕೊಡಲಿಲ್ಲ.

ಬಾಗಿಲು ಹಾಕು ಅಂದರೆ ಮುಚ್ಚು. ಲೈಟ್ ಹಾಕು ಅಂದರೆ ಆನ್ ಮಾಡು. ಹಾಗಾದರೆ 'ವಾಲ್ವ್ ಹಾಕಿ' ಅಂದರೆ? ಒಂದು ದಿನ ಟೀ ಬ್ರೇಕ್‌ನಲ್ಲಿ ಐದು ಜನರನ್ನು ಕೇಳಿದೆ. ಮೂವರು ಮುಚ್ಚುವುದು ಅಂದರು. ಇಬ್ಬರು ತೆರೆಯುವುದು ಅಂದರು. ಐವರೂ ಒಂದೇ ಪೈಪ್‌ಲೈನ್ ಮೇಲೆ ಕೆಲಸ ಮಾಡುವವರು!

'ತೆಗೆ' ಇನ್ನೂ ತರಲೆ. ಬಾಗಿಲು ತೆಗೆ ಅಂದರೆ ತೆರೆ. ಚಪ್ಪಲಿ ತೆಗೆ ಅಂದರೆ ಕಾಲಿನಿಂದ ಬಿಚ್ಚು. 'ಗಾರ್ಡ್ ತೆಗೆಯಿರಿ' ಅಂದರೆ ಮಷಿನ್ನಿನ ಕವಚವನ್ನು ಕದದ ಹಾಗೆ ತೆರೆಯಬೇಕೋ, ಬಿಚ್ಚಿ ಪಕ್ಕಕ್ಕೆ ಇಡಬೇಕೋ?

'ಬಿಡು' ಅಂತೂ ಕೇಳಲೇಬೇಡಿ. ನಲ್ಲಿಯಲ್ಲಿ ನೀರು ಬಿಟ್ಟರು ಅಂದರೆ ನೀರು ಬಂತು. ಟೈರಿನ ಗಾಳಿ ಬಿಟ್ಟರು ಅಂದರೆ ಗಾಳಿ ಹೋಯಿತು. ಕಂಪ್ರೆಸರ್ ಲೈನಿನ ಎಸ್‌ಒಪಿಯಲ್ಲಿ 'ಗಾಳಿ ಬಿಡಿ' ಅಂತ ಬರೆದರೆ ಒಬ್ಬ ಲೈನಿಗೆ ಗಾಳಿ ತುಂಬಿಸುತ್ತಾನೆ, ಇನ್ನೊಬ್ಬ ಖಾಲಿ ಮಾಡುತ್ತಾನೆ. ಇಬ್ಬರದೂ ತಪ್ಪಲ್ಲ.

ಹಾಗಾಗಿ ಹಾಕು, ತೆಗೆ, ಬಿಡು ಈ ಮೂರಕ್ಕೂ ನನ್ನ ಎಸ್‌ಒಪಿಯಲ್ಲಿ ಪ್ರವೇಶ ಇಲ್ಲ. ಗಾಳಿ ಖಾಲಿ ಮಾಡಿ, ಗೇಜ್ ಮುಳ್ಳು ಸೊನ್ನೆಗೆ ಬರಲಿ. ವಾಲ್ವ್ ಹಿಡಿಯನ್ನು ಪೈಪಿಗೆ ಅಡ್ಡ ತಿರುಗಿಸಿ. (ಬಾಲ್ ವಾಲ್ವ್‌ಗೆ ಮಾತ್ರ ಇದು ಸರಿ: ಹಿಡಿ ಅಡ್ಡ ಇದ್ದರೆ ಬಂದ್, ಉದ್ದಕ್ಕಿದ್ದರೆ ತೆರೆದಿದೆ.) ಗಾರ್ಡ್‌ನ ನಾಲ್ಕು ಬೋಲ್ಟ್ ಬಿಚ್ಚಿ, ಗಾರ್ಡ್ ನೆಲದ ಮೇಲೆ ಇಡಿ. ಹೀಗೆ ಬರೆದರೆ ಎರಡನೇ ಅರ್ಥ ಹುಟ್ಟುವುದಿಲ್ಲ.

ಇನ್ನು ಕಣ್ಣಿಗೆ ಮೋಸ ಮಾಡುವ ಜೋಡಿಗಳು. 'ತೆರೆಯಬಹುದು', 'ತೆರೆಯಬಾರದು' ಈ ಎರಡನ್ನೂ ಎಣ್ಣೆ ಮೆತ್ತಿದ ಹಾಳೆಯಲ್ಲಿ, ಮಂದ ಬೆಳಕಿನಲ್ಲಿ ಓದಿ ನೋಡಿ. ಬದುಕು ಸಾವಿನ ವ್ಯತ್ಯಾಸ ಒಂದೆರಡು ಅಕ್ಷರದಲ್ಲಿದೆ. ಮುಚ್ಚಿ, ಬಿಚ್ಚಿ ಕೂಡ ಹಾಗೇ. ನಮ್ಮ ಭಾಷೆಯಲ್ಲಿ ಬೇಡ ಎಂಬ ಮಾತು ಕ್ರಿಯಾಪದದ ಬಾಲದಲ್ಲಿ ಬರುತ್ತದೆ. ಅವಸರದ ಕಣ್ಣು ಪದದ ತಲೆ ನೋಡಿ ಮುಂದೆ ಹೋಗುತ್ತದೆ. ಆದ್ದರಿಂದ ಬೇಡ ಅನ್ನುವ ಬದಲು ಬೇಕಾದ್ದನ್ನು ಹೇಳಿ. 'ಗಾರ್ಡ್ ಬಿಚ್ಚಬಾರದು' ಬದಲು 'ಗಾರ್ಡ್ ಮುಚ್ಚಿಯೇ ಇರಲಿ'. ಬೇಡ ಅನ್ನಲೇಬೇಕಾದಾಗ ಸಾಲಿನ ಶುರುವಿನಲ್ಲೇ ಕೆಂಪಿನಲ್ಲಿ 'ಬೇಡ:' ಅಂತ ಹಾಕಿ, ಆಮೇಲೆ ವಿಷಯ ಹೇಳಿ. 'ಬೇಡ: ವೀಲ್ ತಿರುಗುವಾಗ ಪೆಡಲ್ ಮುಟ್ಟುವುದು.'

'ಮೊದಲು' ಎಂಬ ಪದದ ಮೇಲೂ ಒಂದು ಕಣ್ಣಿರಲಿ. 'ಬ್ಲಾಕ್ ಇಡುವ ಮೊದಲು ಐಸೋಲೇಟರ್ ಲಾಕ್ ಮಾಡಿ.' (ಐಸೋಲೇಟರ್ ಅಂದರೆ ಮಷಿನ್ನಿಗೆ ಕರೆಂಟ್ ಕಡಿಯುವ ಮುಖ್ಯ ಸ್ವಿಚ್.) ವ್ಯಾಕರಣ ಸರಿ. ಆದರೆ ಓದುವಾಗ ಬ್ಲಾಕ್ ಮೊದಲು ಬಂತು, ಲಾಕ್ ಆಮೇಲೆ. ಕೈ ಮಾಡಬೇಕಾದ್ದು ಉಲ್ಟಾ. ಎರಡು ಸಾಲು ಮಾಡಿ, ಮಾಡುವ ಕ್ರಮದಲ್ಲೇ ಬರೆಯಿರಿ. ಎಚ್ಚರಿಕೆಯ ಮಾತೂ ಹಾಗೇ. ಏಳನೇ ಹೆಜ್ಜೆಯ ಅಪಾಯವನ್ನು ಏಳರ ಕೆಳಗೆ ಬರೆದರೆ, ಓದುವಷ್ಟರಲ್ಲಿ ಏಳು ಮುಗಿದಿರುತ್ತದೆ.

'ಲಾಕ್ ಮಾಡಲಾಗುವುದು', 'ಖಚಿತಪಡಿಸಿಕೊಳ್ಳತಕ್ಕದ್ದು' ಇಂಥವು ಸರ್ಕಾರಿ ಸುತ್ತೋಲೆಗೆ ಇರಲಿ. ಲಾಕ್ ಮಾಡಲಾಗುವುದು ಸರಿ ಸ್ವಾಮಿ, ಯಾರು ಮಾಡುತ್ತಾರೆ? ಡೈ ಸೆಟ್ಟರ್ರೋ, ಎಲೆಕ್ಟ್ರಿಷಿಯನ್ನೋ? ಇಬ್ಬರೂ ಇನ್ನೊಬ್ಬ ಮಾಡಿದ್ದಾನೆ ಅಂದುಕೊಳ್ಳುತ್ತಾರೆ. ಹಾಗೆಯೇ 'ಸ್ವಲ್ಪ', 'ಸಾಕಷ್ಟು', 'ಸರಿಯಾಗಿ', 'ಎಚ್ಚರಿಕೆಯಿಂದ'. ಈ ಪದಗಳು ಬಂದ ಕಡೆಯೆಲ್ಲ ಬರೆದವನಿಗೆ ವಿಷಯ ಗೊತ್ತಿರಲಿಲ್ಲ ಅಂತಲೇ ನಾನು ಓದುತ್ತೇನೆ. ನನ್ನ ಹಳೇ ಎಸ್‌ಒಪಿಗಳನ್ನೂ ಸೇರಿಸಿ.

ಒಂದು ವಸ್ತುವಿಗೆ ಒಂದೇ ಹೆಸರು. ಆಫೀಸಿನವರು ಸ್ಲೈಡ್ ಅಂತಾರೆ, ಶಾಪ್‌ನವರು ರ‍್ಯಾಮ್ ಅಂತಾರೆ. ಶಾಪ್‌ನವರ ಪದ ಗೆಲ್ಲಬೇಕು. ಅದೇ ಪದವನ್ನು ಮಷಿನ್ ಮೇಲೂ ಪೇಂಟ್‌ನಲ್ಲಿ ಬರೆಸಿ.

5. ಒಂದು ಹೆಜ್ಜೆ, ಒಂದು ಕೆಲಸ, ಒಂದು ಗುರುತು

ಪ್ರತಿ ಹೆಜ್ಜೆಯಲ್ಲಿ ಕೈಗೆ ಒಂದೇ ಕೆಲಸ. ಅದು ಆಯಿತು ಅಂತ ಕಣ್ಣಿಗೋ ಕಿವಿಗೋ ಗೊತ್ತಾಗುವ ಒಂದು ಗುರುತು. ಹನ್ನೊಂದು ಪುಟ ಹೋಗಿ ಬಂದದ್ದು ಈ ಒಂದು ಕಾರ್ಡ್ (ಶ್ಯಾಂಕ್ ಅಂದರೆ ಡೈಯ ಮೇಲ್ಭಾಗವನ್ನು ರ‍್ಯಾಮ್‌ಗೆ ಹಿಡಿಸುವ ಗೂಟ):

ಕೆಲಸ: 3ನೇ ನಂಬರ್ ಪ್ರೆಸ್, ಡೈ ಇಳಿಸುವುದು. ಮಾಡುವವರು: ಡೈ ಸೆಟ್ಟರ್ ಒಬ್ಬರೇ. ಬೇಕಾದದ್ದು: ನಿಮ್ಮ ಹೆಸರಿನ ಬೀಗ, ಹಳದಿ ಬ್ಲಾಕ್, ತಿರುಗಿಸುವ ಬಾರ್, ಸ್ಪ್ಯಾನರ್, ಡೈ ಟ್ರಾಲಿ.

1) ಕೆಂಪು ಬಟನ್ ಒತ್ತಿ. ಮೋಟರ್ ಸದ್ದು ನಿಲ್ಲುತ್ತದೆ. ವೀಲ್ ಇನ್ನೂ ತಿರುಗುತ್ತಿರುತ್ತದೆ.
2) ಐಸೋಲೇಟರ್ ಆಫ್ ಮಾಡಿ, ನಿಮ್ಮ ಬೀಗ ಜಡಿಯಿರಿ. ಕೀಲಿ ನಿಮ್ಮ ಜೇಬಿನಲ್ಲಿ.
3) ಹಸಿರು ಬಟನ್ ಒತ್ತಿ ನೋಡಿ. ಮೋಟರ್ ಸ್ಟಾರ್ಟ್ ಆಗಬಾರದು. ಸ್ಟಾರ್ಟ್ ಆಗಿಬಿಟ್ಟರೆ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಯಿರಿ.
4) ಹಿಂದೆ ಹೋಗಿ ಬಿಳಿ ಪಟ್ಟೆ ನೋಡಿ. ಪಟ್ಟೆ ಅಲುಗದೆ ನಿಂತಿರಬೇಕು. ಕೈ ತೋರಿಸಿ 'ವೀಲ್ ನಿಂತಿದೆ' ಅಂತ ಜೋರಾಗಿ ಹೇಳಿ.
5) ಪೆಡಲ್ ಒತ್ತಿ, ಬಾರ್‌ನಿಂದ ವೀಲ್ ತಿರುಗಿಸಿ ರ‍್ಯಾಮ್ ಪೂರ್ತಿ ಕೆಳಗೆ ತನ್ನಿ.
6) ಶ್ಯಾಂಕ್ ಬೋಲ್ಟ್ ಎರಡನ್ನೂ ಸಡಿಲಿಸಿ.
7) ಬಾರ್‌ನಿಂದ ವೀಲ್ ತಿರುಗಿಸಿ ರ‍್ಯಾಮ್ ಪೂರ್ತಿ ಮೇಲೆ ತನ್ನಿ. ಶ್ಯಾಂಕ್ ಡೈ ಜೊತೆ ಕೆಳಗೇ ಉಳಿಯಬೇಕು.
8) ಬಾರ್ ಗೋಡೆಯ ಕೊಕ್ಕೆಗೆ ಸಿಕ್ಕಿಸಿ.
9) ರ‍್ಯಾಮ್ ಕೆಳಗೆ ಹಳದಿ ಬ್ಲಾಕ್ ನಿಲ್ಲಿಸಿ.
10) ಕೆಳಗಿನ ಕ್ಲ್ಯಾಂಪ್ ಬಿಚ್ಚಿ, ಡೈಯನ್ನು ಟ್ರಾಲಿಗೆ ಎಳೆಯಿರಿ.

ಇದನ್ನೇ ನಿಮ್ಮ ಪ್ರೆಸ್‌ಗೆ ಅಂಟಿಸಬೇಡಿ. ನಿಮ್ಮ ಮಷಿನ್ ಬೇರೆ, ಕ್ಲಚ್ ಬೇರೆ, ಬಲ ಅಡಗಿರುವ ಜಾಗವೂ ಬೇರೆ.

ಒಂದೆರಡು ವಿಷಯ ಗಮನಿಸಿ. ಬೀಗದ ಹೆಜ್ಜೆಯನ್ನು ವೀಲ್ ನಿಲ್ಲುವ ಮುಂಚೆ ಇಟ್ಟಿದ್ದೇವೆ. ವೀಲ್ ನಿಲ್ಲಲು ಎಷ್ಟು ಹೊತ್ತು ಅಂತ ಮೊಬೈಲ್‌ನಲ್ಲಿ ಅಳೆದೆವು. ಈ ಪ್ರೆಸ್‌ಗೆ ಒಂದೂವರೆ ನಿಮಿಷ, ಪಕ್ಕದ್ದಕ್ಕೆ ಮೂರು. ಸುಮ್ನೆ ನಿಂತು ಕಾಯಿರಿ ಅಂದರೆ ಯಾರೂ ಕಾಯುವುದಿಲ್ಲ. ಬೀಗ ತರುವುದು, ಜಡಿಯುವುದು, ಬಟನ್ ಒತ್ತಿ ನೋಡುವುದು ಇಷ್ಟರಲ್ಲಿ ಆ ಹೊತ್ತು ತಾನೇ ಕಳೆಯುತ್ತದೆ.

ಮೂರನೇ ಹೆಜ್ಜೆಯನ್ನು ಎಷ್ಟೋ ಕಡೆ ಬರೆಯುವುದೇ ಇಲ್ಲ. ಬೀಗ ಜಡಿದದ್ದು ಪಕ್ಕದ ಮಷಿನ್ನಿನ ಐಸೋಲೇಟರ್‌ಗೆ ಆಗಿದ್ದರೆ? ಬಟನ್ ಒತ್ತಿದರೆ ತಾನೇ ಗೊತ್ತಾಗುವುದು.

ಕೈ ತೋರಿಸಿ ಜೋರಾಗಿ ಹೇಳುವುದು ನೋಡಲು ನಾಟಕದ ಹಾಗಿದೆ, ನಿಜ. ಶುರುವಿನಲ್ಲಿ ಹುಡುಗರು ನಕ್ಕರು. ಜಪಾನಿನ ರೈಲ್ವೆಯವರು ಇದನ್ನು ಬಹಳ ಕಾಲದಿಂದ ಮಾಡುತ್ತಾರೆ. ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆಯ ಪರೀಕ್ಷೆಯಲ್ಲಿ ನೂರು ಕ್ರಿಯೆಗೆ 2.38 ಇದ್ದ ತಪ್ಪು, ಬೆರಳು ತೋರಿಸಿ ಹೇಳಿದಾಗ 0.38ಕ್ಕೆ ಇಳಿಯಿತು. ನಮ್ಮ ರೈಲುಗಳಲ್ಲೂ ಲೋಕೋ ಪೈಲಟ್ ಮತ್ತು ಸಹಾಯಕ ಸಿಗ್ನಲ್ ಬಣ್ಣವನ್ನು ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ. ಆದರೆ ಹತ್ತೂ ಹೆಜ್ಜೆಗೆ ಕೂಗಿಸಬೇಡಿ. ಜೀವ ಹೋಗುವ ಒಂದೋ ಎರಡೋ ಹೆಜ್ಜೆಗೆ ಮಾತ್ರ. ಎಲ್ಲಕ್ಕೂ ಕೂಗಿದರೆ ಅದು ಭಜನೆ ಆಗಿಬಿಡುತ್ತದೆ.

6. ನಡುವೆ ಬಿಟ್ಟು ಎದ್ದರೆ?

ಬಹುತೇಕ ಎಸ್‌ಒಪಿಗಳು ಒಂದನೇ ಹೆಜ್ಜೆಯಿಂದ ಹತ್ತರವರೆಗೆ ಒಬ್ಬನೇ, ಒಂದೇ ಉಸಿರಿಗೆ ಮಾಡುತ್ತಾನೆ ಅಂದುಕೊಂಡು ಬರೆದವು. ಶಾಪ್‌ನಲ್ಲಿ ಹಾಗಾಗುವುದಿಲ್ಲ. ಟೀ ಬರುತ್ತದೆ, ಕರೆಂಟ್ ಹೋಗುತ್ತದೆ, ಶಿಫ್ಟ್ ಮುಗಿಯುತ್ತದೆ.

1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯಲ್ಲಿ ಆದದ್ದು ಇದೇ. ಒಂದು ಪಂಪ್ ರಿಪೇರಿಗೆ ಅಂತ ನಿಲ್ಲಿಸಿದ್ದರು. ಅದಕ್ಕೆ ಒಂದು ಪರ್ಮಿಟ್, ಅಂದರೆ ಕೆಲಸದ ಅನುಮತಿ ಹಾಳೆ. ಅದೇ ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ ಒಯ್ದಿದ್ದರು. ಅದಕ್ಕೆ ಇನ್ನೊಂದು ಪರ್ಮಿಟ್. ಸಂಜೆಯಾದರೂ ವಾಲ್ವ್ ವಾಪಸ್ ಬರಲಿಲ್ಲ. ಆ ಜಾಗಕ್ಕೆ ಒಂದು ಮುಚ್ಚಳ ಕೂರಿಸಿದ್ದರು ಅಷ್ಟೆ. ರಾತ್ರಿ ಇನ್ನೊಂದು ಪಂಪ್ ಕೆಟ್ಟು ನಿಂತಿತು. ರಾತ್ರಿ ಪಾಳಿಯವರಿಗೆ ಪಂಪಿನ ಪರ್ಮಿಟ್ ಗೊತ್ತಿತ್ತು, ವಾಲ್ವಿನದು ಗೊತ್ತಿರಲಿಲ್ಲ. ವಾಲ್ವ್ ಇದ್ದ ಜಾಗ ಪಂಪ್ ಹತ್ತಿರ ನಿಂತವರಿಗೆ ಕಾಣುವಂತೆಯೂ ಇರಲಿಲ್ಲ. ಪಂಪ್ ಸ್ಟಾರ್ಟ್ ಮಾಡಿದರು. ಗ್ಯಾಸ್ ಸೋರಿ ಹೊತ್ತಿಕೊಂಡಿತು. 167 ಜನ ಸತ್ತರು. ಅಲ್ಲಿ ಪರ್ಮಿಟ್ ಪದ್ಧತಿ ಇರಲಿಲ್ಲವೇ? ಇತ್ತು. ಒಂದೇ ಪಂಪಿನ ಎರಡು ಹಾಳೆ ಒಟ್ಟಿಗೆ ಇರಲಿಲ್ಲ.

ನಮ್ಮ ಕಾರ್ಡಿನ ಕೆಳಗೆ ಇದಕ್ಕಾಗಿಯೇ ಮೂರು ಸಾಲು ಇದೆ. ಬಿಟ್ಟು ಎದ್ದರೆ ಬೀಗ ಹಾಗೇ ಇರಲಿ. ಮುಗಿದ ಹೆಜ್ಜೆಯ ನಂಬರ್ ಮೇಲೆ ಮ್ಯಾಗ್ನೆಟ್ ಅಂಟಿಸಿ. ವಾಪಸ್ ಬಂದಾಗ 3 ಮತ್ತು 4ನೇ ಹೆಜ್ಜೆ ಇನ್ನೊಮ್ಮೆ ಮಾಡಿಯೇ ಮುಂದುವರಿಯಿರಿ. ಶಿಫ್ಟ್ ಬದಲಾದರೆ ಇಬ್ಬರೂ ಮಷಿನ್ ಮುಂದೆ ನಿಂತು ಹೇಳಿಕೊಳ್ಳಬೇಕು. ಮೊದಲು ಬರುವವನ ಬೀಗ ಕೂರುತ್ತದೆ, ಆಮೇಲೆ ಹೋಗುವವನ ಬೀಗ ಬಿಚ್ಚುತ್ತದೆ. ವಾಟ್ಸ್‌ಆ್ಯಪ್ ಮೆಸೇಜ್ ಹಾಕಿ ಬಸ್ ಹತ್ತುವುದು ನಡೆಯುವುದಿಲ್ಲ.

7. ಹೊಸಬನ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡು ನಿಲ್ಲಿ

ಬರೆದಾಯಿತು ಅಂತ ಸಹಿಗೆ ಕಳಿಸಬೇಡಿ. ಶಾಪ್‌ಗೆ ಹೊಸದಾಗಿ ಬಂದ, ಐಟಿಐ ಮುಗಿಸಿದ ಹುಡುಗನ ಕೈಗೆ ಕಾರ್ಡ್ ಕೊಡಿ. ಬೀಗ ಜಡಿದು, ಬಲವೆಲ್ಲ ಸುಮ್ಮನಾಗಿರುವ ಮಷಿನ್ ಮುಂದೆ ನಿಲ್ಲಿಸಿ. ಅನುಭವಿ ಸೆಟ್ಟರ್ ಪಕ್ಕದಲ್ಲಿರಲಿ. 'ಓದಿ, ಏನು ಮಾಡ್ತೀಯ ತೋರಿಸಪ್ಪ' ಅನ್ನಿ. ನೀವು ಮಾತಾಡಬೇಡಿ. ಇದು ತುಂಬಾ ಕಷ್ಟದ ಕೆಲಸ, ಬಾಯಿ ತುರಿಸುತ್ತದೆ. ಅವನು ಎಲ್ಲಿ ತಡೆದ, ಎಲ್ಲಿ ನಿಮ್ಮ ಮುಖ ನೋಡಿದ, ಎಲ್ಲಿ ಕೈ ಬೇರೆ ಕಡೆ ಹೋಯಿತು ಅನ್ನುವುದನ್ನು ಗುರುತು ಹಾಕಿಕೊಳ್ಳಿ. ಅಲ್ಲೆಲ್ಲ ತಪ್ಪು ಹಾಳೆಯದು.

ನಮ್ಮ ಹುಡುಗ ಆರನೇ ಹೆಜ್ಜೆಯಲ್ಲಿ ಸಿಕ್ಕಿಬಿದ್ದ. 'ಶ್ಯಾಂಕ್ ಬೋಲ್ಟ್ ಸಡಿಲಿಸಿ' ಅಂತ ಮಾತ್ರ ಇತ್ತು. ಅವನು ಒಂದನ್ನು ಸಡಿಲಿಸಿ ಮುಂದೆ ಹೋದ. ಇನ್ನೊಂದು ರ‍್ಯಾಮ್‌ನ ಆಚೆ ಬದಿಯಲ್ಲಿತ್ತು, ಕಾಣುತ್ತಿರಲಿಲ್ಲ. 'ಎರಡನ್ನೂ' ಎಂಬ ಪದ ಬಂದದ್ದು ಹಾಗೆ.

8. ಭಾಷೆ ಯಾರದು, ಹಾಳೆ ಎಲ್ಲಿ

ಇದು ಚಿಕ್ಕ ವಿಷಯ, ಆದರೆ ಇಲ್ಲೇ ಎಲ್ಲರೂ ಜಾರುವುದು. ಪೀಣ್ಯದಲ್ಲಿ ಒಂದೇ ಲೈನಿನಲ್ಲಿ ಕಲಬುರಗಿಯವರು, ಒಡಿಶಾದವರು, ಬಿಹಾರದವರು ನಿಂತಿರುತ್ತಾರೆ. ಕಾರ್ಖಾನೆಯಲ್ಲಿ ಹಾಕುವ ನೋಟಿಸು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯ 108ನೇ ಸೆಕ್ಷನ್‌ನಲ್ಲೇ ಬರೆದಿತ್ತು. ಎಸ್‌ಒಪಿಗೆ ಹೆಚ್ಚಿನವರು ಅಂದರೆ ಸಾಲದು. ಆ ಮಷಿನ್ ಮುಟ್ಟುವ ಪ್ರತಿಯೊಬ್ಬರಿಗೂ ಗೊತ್ತಾಗಬೇಕು. ಹಿಂದಿಗೋ ಒಡಿಯಾಕ್ಕೋ ಮಾಡಿಸಿದರೆ, ಮೂಲ ನೋಡದ ಇನ್ನೊಬ್ಬರಿಂದ ಅದನ್ನು ಕನ್ನಡದಲ್ಲಿ ಬಾಯಿಮಾತಿನಲ್ಲಿ ಹೇಳಿಸಿ. ಅರ್ಥ ಎಲ್ಲಿ ಕೆಟ್ಟಿದೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಓದಲು ಬಾರದವರಿಗೆ ಫೋಟೋ ಹಾಕಿ, ಇಂಟರ್ನೆಟ್ಟಿನದ್ದಲ್ಲ, ನಿಮ್ಮದೇ ಪ್ರೆಸ್ಸಿನ ಫೋಟೋ.

ಕಾರ್ಡ್ ಮಷಿನ್ ಹತ್ತಿರವೇ ಇರಲಿ, ಲ್ಯಾಮಿನೇಟ್ ಆಗಿರಲಿ, ಕೈ ಚಾಚಿದಷ್ಟು ದೂರದಿಂದ ಓದುವಷ್ಟು ದಪ್ಪ ಅಕ್ಷರ ಇರಲಿ. ಮೂಲೆಯಲ್ಲಿ ತಾರೀಖು ಹಾಕಿ. ಹೊಸದು ಅಂಟಿಸಿದ ದಿನವೇ ಹಳೆಯದನ್ನು ನಿಮ್ಮ ಕೈಯಾರೆ ಹರಿದು ಹಾಕಿ.

9. ಎಲ್ಲರೂ ಬಿಟ್ಟುಬಿಡುವ ಹೆಜ್ಜೆ

ಗೊತ್ತಿದ್ದೂ ಬಿಡುವವರ ಕತೆಗೆ ಬರೋಣ. ಒಬ್ಬ ಬಿಟ್ಟರೆ ಅವನ ಹತ್ತಿರ ಮಾತಾಡಿ. ಎಲ್ಲರೂ ಬಿಟ್ಟರೆ ಹಾಳೆಯನ್ನು ಮತ್ತೆ ನೋಡಿ.

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿ ರಿಫೈನರಿಯಲ್ಲಿ 15 ಜನ ಸತ್ತರು. ದ್ರವಗಳನ್ನು ಬೇರ್ಪಡಿಸುವ ಒಂದು ಟವರ್ ಸ್ಟಾರ್ಟ್ ಮಾಡುವಾಗ ಬರೆದಿದ್ದಕ್ಕಿಂತ ಬಹಳ ಜಾಸ್ತಿ ದ್ರವ ತುಂಬಿತ್ತು. ಆಪರೇಟರ್‌ಗಳು ಜಾಸ್ತಿ ತುಂಬಿಸುವುದು ಅಲ್ಲಿ ರೂಢಿಯೇ ಆಗಿತ್ತು. ಮಟ್ಟ ಇಳಿದರೆ ಫರ್ನೇಸ್ ಹಾಳಾಗುತ್ತದೆ ಎಂಬ ಅವರ ಭಯ ಸುಳ್ಳಲ್ಲ. ಬರೆದದ್ದು ಒಂದು, ನಡೆಯುವುದು ಇನ್ನೊಂದು, ಇದು ಬಹಳ ದಿನದಿಂದ ಹಾಗೇ ಇತ್ತು. ಬರೆದವರು ಬಂದು ಯಾಕೆ ಅಂತ ಕೇಳಲಿಲ್ಲ.

ನಮ್ಮಲ್ಲಿ ಎರಡನೇ ಹೆಜ್ಜೆ, ಅಂದರೆ ಬೀಗ, ತಿಂಗಳೊಳಗೆ ತಪ್ಪತೊಡಗಿತು. ಬೈದೆ. ಪ್ರಯೋಜನ ಆಗಲಿಲ್ಲ. ಆಮೇಲೆ ಒಂದು ದಿನ ನಾನೇ ಬೀಗ ತರಲು ಹೋದೆ. ಬೀಗಗಳು ಸ್ಟೋರ್‌ನಲ್ಲಿದ್ದವು. ಸ್ಟೋರ್ ಶೆಡ್ಡಿನ ಆಚೆ ತುದಿಯಲ್ಲಿ. ರಿಜಿಸ್ಟರ್‌ನಲ್ಲಿ ಸಹಿ ಬೇರೆ. ರಾತ್ರಿ ಸ್ಟೋರ್‌ಗೇ ಬೀಗ! ಮರುದಿನ ಪ್ರತಿ ಪ್ರೆಸ್ ಕಂಬಕ್ಕೆ ಒಂದೊಂದು ಕೊಕ್ಕೆ ಹೊಡೆಸಿ ಬೀಗ ಅಲ್ಲೇ ನೇತುಹಾಕಿಸಿದೆ. ಅಲ್ಲಿಗೆ ಆ ತಕರಾರು ಮುಗಿಯಿತು.

ಕಾರ್ಡಿನ ಕೆಳಗೆ ಒಂದು ಖಾಲಿ ಜಾಗ ಇಟ್ಟಿದ್ದೆವು, ದಾರದಲ್ಲಿ ಕಟ್ಟಿದ ಪೆನ್ನಿನ ಜೊತೆ. ಹಾಳೆಯಲ್ಲಿ ಏನು ತಪ್ಪಿದೆ ಅಂತ ಯಾರು ಬೇಕಾದರೂ ಬರೆಯಬಹುದು, ಹೆಸರು ಬೇಡ. ಮೊದಲ ತಿಂಗಳು ಸಿನಿಮಾ ಹೀರೋಗಳ ಹೆಸರು ಬಿಟ್ಟರೆ ಏನೂ ಬರಲಿಲ್ಲ. ಎರಡನೇ ತಿಂಗಳು ನಾಲ್ಕನೇ ಹೆಜ್ಜೆಯ ಪಕ್ಕದಲ್ಲಿ ಬಾಣದ ಗುರುತು ಹಾಕಿ ಯಾರೋ ಬರೆದಿದ್ದರು: 'ಹಿಂದೆ ಬಲ್ಬ್ ಇಲ್ಲ. ರಾತ್ರಿ ಪಟ್ಟೆ ಕಾಣಲ್ಲ.'

ಅವತ್ತು ರಾತ್ರಿಯೇ ಪ್ರೆಸ್‌ನ ಹಿಂದೆ ಒಂದು ಎಲ್‌ಇಡಿ ಟ್ಯೂಬ್ ಹಾಕಿಸಿದೆವು.